ಕಾಲು ಎತ್ತಿ ನೋಡಿದ್ಯೇನು?

“ಕುದುರಿಗೂ ಫಿಜಿಯೋಥೆರಪಿ ಅಂತ ಇರ್ತದೇನ್ ಬೇಟಾ?”

ಗೋಳಗುಮ್ಮಟದ ಮುಂದಿನ ಟಾಂಗಾ ಸ್ಟ್ಯಾಂಡಿನಲ್ಲಿ ಬೆಳಿಗ್ಗೆ ಆರೂವರೆಗೆ ಚಾಚಾ ಕೇಳಿದ್ದರು. ಬಲಗೈಯಲ್ಲಿ ಖರಾರಾ ಹಿಡಿದು ಮೋತಿಯ ಮೈ ಉಜ್ಜುತ್ತಿದ್ದರು. ಖರಾರಾ ಹೋದ ದಾರಿಯಲ್ಲೇ ಅವರ ಎಡಗೈ ಅಂಗೈ ಅಗಲಿಸಿಕೊಂಡು ಹಿಂಬಾಲಿಸುತ್ತಿತ್ತು.

“ಇರ್ತದ ಚಾಚಾ. ಮಾಲಿಶ್ ಇದ್ದಂಗ. ಅದರ ಜೋಡಿ ಇನ್ನೂ ಒಂದಿಷ್ಟು.”

“ಮಾಲಿಶ್ ಕಲೀಲಿಕ್ಕೆ ಫೀಸ್ ಕೊಟ್ಟೀ?”

ಕೊಟ್ಟಿದ್ದೆ, ಎರಡು ಕಂತಿನಲ್ಲಿ. ಚಾಚಾ ಏನೂ ಅನ್ನಲಿಲ್ಲ. ಮೋತಿಯ ಕಿವಿಯ ಹತ್ತಿರ ಬಾಗಿ ಉರ್ದುವಿನಲ್ಲಿ ಏನೋ ಹೇಳಿದರು. ನನ್ನ ಬಗ್ಗೆಯೇ ಇರಬೇಕು. ಮೋತಿ ತಲೆ ಕೊಡವಿತು.

ಮನೆಯಲ್ಲಿ ಅವ್ವನದು ಇನ್ನೂ ನೇರ ಮಾತು. “ಮಂದಿ ಮೊಣಕಾಲ ಒತ್ತಿ ಸಾಕಾತೇನ? ಈಗ ಕುದುರಿ ಕಾಲ ಹಿಡೀಲಿಕ್ಕೆ ಹೊಂಟೀ?” ನಾನು ಮನುಷ್ಯರ ಫಿಜಿಯೋಥೆರಪಿಸ್ಟ್. ವಿಜಯಪುರದಲ್ಲೇ ಕ್ಲಿನಿಕ್ಕು. ಬೆನ್ನುನೋವಿನ ಬ್ಯಾಂಕ್ ನೌಕರರು, ಬೈಕಿನಿಂದ ಬಿದ್ದ ಹುಡುಗರು, ಪಾರ್ಶ್ವವಾಯು ಆದ ಹಿರಿಯರು ಬರುತ್ತಾರೆ. ಕುದುರೆಯ ಹುಚ್ಚು ಹಿಡಿದದ್ದು 2021ರಲ್ಲಿ, ಫೋನಿನ ಪರದೆಯ ಮೇಲೆ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಫೌವಾದ್ ಮಿರ್ಜಾ ಸೀನ್ಯೋರ್ ಮೆಡಿಕಾಟ್ ಅನ್ನೋ ಕುದುರೆಯ ಮೇಲೆ ಈವೆಂಟಿಂಗ್ ಸ್ಪರ್ಧೆಗೆ ಇಳಿದಿದ್ದರು. 20 ವರ್ಷಗಳ ನಂತರ ಒಲಿಂಪಿಕ್ಸ್‌ನ ಕುದುರೆ ಸವಾರಿಯಲ್ಲಿ ಭಾರತದವರೊಬ್ಬರು. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಇದೇ ಜೋಡಿ ಬೆಳ್ಳಿ ಗೆದ್ದಿತ್ತು. ಟೋಕಿಯೋದಲ್ಲಿ 23ನೇ ಸ್ಥಾನ.

ನನ್ನ ಕಣ್ಣು ಹಿಡಿದದ್ದು ಜಿಗಿತ ಅಲ್ಲ. ಈವೆಂಟಿಂಗ್‌ನಲ್ಲಿ ಸ್ಪರ್ಧೆ ಶುರುವಾಗೋ ಮುಂಚೆ ಒಮ್ಮೆ, ಕೊನೆಯ ಜಿಗಿತದ ಸುತ್ತಿನ ಮುಂಚೆ ಇನ್ನೊಮ್ಮೆ, ಪ್ರತಿ ಕುದುರೆಯನ್ನೂ ಪಶುವೈದ್ಯರ ಮತ್ತು ತೀರ್ಪುಗಾರರ ಮುಂದೆ ನಡೆಸಿ, ಓಡಿಸಿ ತೋರಿಸಬೇಕು. ಹೆಜ್ಜೆಯಲ್ಲಿ ಕುಂಟು ಕಂಡರೆ ಅಲ್ಲಿಗೇ ಮುಗೀತು, ಪದಕದ ಆಸೆ ಎಷ್ಟೇ ಇರಲಿ. ನಾನು ದಿನಾ ಕ್ಲಿನಿಕ್ಕಿನಲ್ಲಿ ಮಾಡೋದೂ ಇದೇ ಅಲ್ವಾ ಅನ್ನಿಸಿತು. ಪೇಷಂಟ್ ಬಾಯಿ ಬಿಡೋ ಮುಂಚೆ, ಬಾಗಿಲಿಂದ ಕುರ್ಚಿತನಕ ಹೇಗೆ ನಡೆದು ಬಂದರು ಅಂತ ನೋಡೋದು.

ಕಲೀಬೇಕು ಅಂತ ಹೊರಟ ಮೇಲೆ ಗೊತ್ತಾಯ್ತು, ಇದಕ್ಕೆ ನಮ್ಮಲ್ಲಿ ನೆಟ್ಟಗೆ ಒಂದು ದಾರಿ ಇಲ್ಲ. ಪಶುವೈದ್ಯರಾಗಬೇಕೆಂದರೆ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ ಪದವಿ ಇದೆ. ಬೀದರಿನಲ್ಲಿ ಅದಕ್ಕೇ ಒಂದು ವಿಶ್ವವಿದ್ಯಾಲಯ ಇದೆ. ಕುದುರೆಯ ಥೆರಪಿ ಮಾತ್ರ ಕಲೀತೀನಿ ಅನ್ನೋರಿಗೆ ಅಂಥದ್ದೊಂದು ಬಾಗಿಲು ಕಾಣಲಿಲ್ಲ. ಬ್ರಿಟನ್ನಿನಲ್ಲಿ ಮೊದಲು ಮನುಷ್ಯರ ಫಿಜಿಯೋಥೆರಪಿ ಓದಿ, ಆಮೇಲೆ ಪ್ರಾಣಿಗಳ ಕಡೆ ತಿರುಗುವ ಹಳೇ ಪದ್ಧತಿಯೊಂದಿದೆ. ನನಗೆ ಹೊಂದಿದ್ದು ಅದು. ಪಾಠ ಆನ್‌ಲೈನಿನಲ್ಲಿ, ರಾತ್ರಿ. ಕೈಕೆಲಸ ಬೆಂಗಳೂರಿನ ಒಂದು ಲಾಯದಲ್ಲಿ, ಮೂರು ತಿಂಗಳಿಗೊಮ್ಮೆ ಹತ್ತು ದಿನ. ಉಳಿದ ಭಾನುವಾರಗಳು ನಮ್ಮೂರಿನ ಪಶುವೈದ್ಯರೊಬ್ಬರ ಬೆನ್ನ ಹಿಂದೆ. ಅವರನ್ನು ಇಲ್ಲಿ ‘ಸರ್’ ಅಂತಷ್ಟೇ ಕರೀತೀನಿ, ಹೆಸರು ಹಾಕಿದರೆ ಬೈತಾರೆ.

ಸರ್ ಮೊದಲನೇ ದಿನವೇ ಒಂದು ಗೆರೆ ಎಳೆದಿದ್ದರು. “ನೋಡವಾ, 1984ರ ಪಶುವೈದ್ಯ ಪರಿಷತ್ ಕಾಯ್ದೆ ಅಂತ ಒಂದದ. ರೋಗ ಏನು ಅಂತ ಹೇಳೋದು, ಔಷಧ ಕೊಡೋದು ನನ್ನ ಕೆಲಸ. ನಾ ನೋಡಿ ಹೂಂ ಅಂದ ಮ್ಯಾಲೆ ನೀ ಕೈ ಹಚ್ಚಬೇಕು.” ನಾನು ತಲೆಯಾಡಿಸಿದ್ದೆ. ತಲೆಯಾಡಿಸೋದು ಸುಲಭ.

ಎರಡು ದಿನದ ಶಿಬಿರ ಮಾಡಿ ‘ಥೆರಪಿಸ್ಟ್’ ಅಂತ ಸರ್ಟಿಫಿಕೇಟ್ ಕೊಡೋರೂ ಇದ್ದಾರೆ. ಗೋಡೆಗೆ ಹಾಕಲಿಕ್ಕೆ ಚೆಂದ ಇರ್ತದೆ.

ಇನ್ನು ಕುದುರೆಯ ಮೈ. ಮನುಷ್ಯರ ದೇಹ ಓದಿದವಳಿಗೆ ಇದು ಸುಲಭ ಆಗಬಹುದು ಅಂದುಕೊಂಡಿದ್ದೆ. ಮೊದಲ ವಾರವೇ ಅಡ್ಡಬಿದ್ದೆ. ಭುಜದ ಪಾಠ ನಾವು ಕಲಿಯೋದೇ ಕೊರಳೆಲುಬಿನಿಂದ. ಕುದುರೆಗೆ ಕೊರಳೆಲುಬೇ ಇಲ್ಲ! ಅದರ ಮುಂಗಾಲುಗಳು ಎದೆಗೂಡಿಗೆ ಎಲುಬಿನ ಕೀಲಿನಿಂದ ಜೋಡಿಸಿಕೊಂಡೇ ಇಲ್ಲ. ಬರೀ ಮಾಂಸಖಂಡಗಳ ತೊಟ್ಟಿಲಿನಲ್ಲಿ ಇಡೀ ಎದೆ ತೂಗಾಡುತ್ತಿರುತ್ತದೆ. ಅದರ ಮೇಲೆ ದೇಹದ ತೂಕದ ಸುಮಾರು 60 ಪಾಲು ಬೀಳೋದು ಮುಂಗಾಲುಗಳ ಮೇಲೇ. ನಾವು ಕುದುರೆಯ ‘ಮೊಣಕಾಲು’ ಅನ್ನೋ ಮುಂಗಾಲಿನ ಕೀಲು ನಿಜಕ್ಕೂ ನಮ್ಮ ಮಣಿಕಟ್ಟಿನ ಜಾಗ. ಅದರಿಂದ ಕೆಳಗೆ ಮಾಂಸಖಂಡ ಅನ್ನೋದೇ ಇಲ್ಲ ಅನ್ನಬಹುದು. ಎಲುಬು, ತೊಗಲು, ನಡುವೆ ಹಗ್ಗದಂಥ ಸ್ನಾಯುರಜ್ಜುಗಳು. ನಮ್ಮ ಕಡೆ ಎಲ್ಲದಕ್ಕೂ ‘ನರ’ ಅಂತಾರಲ್ಲ, ಆ ನರ. ಗೊರಸು ಅಂದರೆ ನಡುಬೆರಳಿನ ಉಗುರು. ನೀವು ನಿಮ್ಮ ಒಂದು ಬೆರಳಿನ ಉಗುರಿನ ಮೇಲೆ ನಿಂತು, ಬೆನ್ನಿಗೆ ಗಾಡಿ ಕಟ್ಟಿಕೊಂಡು, ಸ್ಟೇಶನ್ ರೋಡಿನ ಡಾಂಬರಿನ ಮೇಲೆ ಓಡಿದ ಹಾಗೆ. ಅದನ್ನು ಓದಿದ ರಾತ್ರಿ ನಾನು ಪುಸ್ತಕ ಮುಚ್ಚಿ ಸುಮ್ಮನೆ ಕೂತಿದ್ದೆ.

ಈ ಊರಿನವರಿಗೆ ಕುದುರೆ ಹೊಸದಲ್ಲ. ಆದಿಲಶಾಹಿ ಕಾಲದಲ್ಲಿ ಅರಬ್ ಕುದುರೆಗಳು ಹಡಗಿನಲ್ಲಿ ಗೋವೆಗೆ ಬಂದು ಇಳೀತಿದ್ದವು. 1510ರಲ್ಲಿ ಪೋರ್ಚುಗೀಸರು ಗೋವೆ ಹಿಡಿದಾಗ ವಿಜಾಪುರದ ಸುಲ್ತಾನರಿಗೆ ಕೈತಪ್ಪಿದ್ದು ಬರೀ ಒಂದು ಬಂದರಲ್ಲ, ಕುದುರೆ ಬರುವ ಬಾಗಿಲು. ನಮ್ಮ ಜಿಲ್ಲೆಯ ಉತ್ತರಕ್ಕೆ ಹರಿಯೋ ಭೀಮೆಯ ದಂಡೆಯ ಹೆಸರಿನಲ್ಲೇ ಭೀಮಥಡಿ ಅನ್ನೋ ಗಿಡ್ಡ, ಗಟ್ಟಿ ತಳಿ ಇದೆ. ಇತ್ತೀಚಿನ ವರ್ಷಗಳಲ್ಲಿ ಅದಕ್ಕೆ ದೇಶೀ ತಳಿ ಅಂತ ಅಧಿಕೃತ ಮಾನ್ಯತೆಯೂ ಸಿಕ್ಕಿತು. ಈಗ ಉಳಿದಿರೋದು ಪ್ರವಾಸಿಗರನ್ನು ಕಾಯುತ್ತ ನಿಂತ ಟಾಂಗಾಗಳು. ಪಕ್ಕದಲ್ಲೇ ಆಟೋ, ಬ್ಯಾಟರಿ ರಿಕ್ಷಾ.

ಚಾಚಾನ ಟಾಂಗಾದಲ್ಲಿ ಒಂದು ಸಲ ಕೂತು ನೋಡಿ. ನಾಲ್ಕು ಜನ ಹತ್ತಿದರೆ ಅವರು ಸುಮ್ಮನೆ ಹೊರಡೋದಿಲ್ಲ. “ಸಾಹೇಬ್ರ ನೀವ್ ಹಿಂದ ಬರ್ರಿ. ಅಕ್ಕಾರ ನೀವ್ ಮುಂದ. ಆ ಬ್ಯಾಗ್ ಇತ್ಲಾಗ ಕೊಡ್ರಿ.” ಪ್ರವಾಸಿಗರಿಗೆ ಇದು ಕಿರಿಕಿರಿ. ನನಗೂ ಚಿಕ್ಕಂದಿನಲ್ಲಿ ಹಾಗೇ ಅನ್ನಿಸಿತ್ತು, ಕಿಟಕಿ ಸೀಟಿನ ಹಾಗೆ ಮುಂದಿನ ಜಾಗಕ್ಕೆ ಜಗಳ ಮಾಡಿ ಅತ್ತಿದ್ದೂ ಇದೆ. ಈಗ ಅದರ ಅರ್ಥ ಗೊತ್ತು. ಎರಡೇ ಗಾಲಿಯ ಗಾಡಿ ತಕ್ಕಡಿ ಇದ್ದ ಹಾಗೆ. ಭಾರ ಮುಂದಾದರೆ ಗಾಡಿಯ ಎರಡೂ ಉದ್ದನೆಯ ಕಟ್ಟಿಗೆಗಳು ಕೆಳಕ್ಕೆ ಒತ್ತುತ್ತವೆ. ಆ ಒತ್ತಡವೆಲ್ಲ ಬೆನ್ನಿನ ಮೇಲಿನ ಗಾದಿಯ ಮೂಲಕ ಕುದುರೆಯ ಬೆನ್ನಿಗೆ. ಭಾರ ಹಿಂದಾದರೆ ಕಟ್ಟಿಗೆ ಮೇಲೆದ್ದು ಹೊಟ್ಟೆಯ ಪಟ್ಟಿಯನ್ನು ಎಳೆಯುತ್ತದೆ, ಕುದುರೆಗೆ ನೆಲ ಹಿಡಿಯೋದೇ ಕಷ್ಟ. ಚಾಚಾ ಹೊರಡುವ ಮುಂಚೆ ಕಟ್ಟಿಗೆಯ ಕೆಳಗೆ ಎರಡು ಬೆರಳು ಹಾಕಿ ಎತ್ತಿ ನೋಡ್ತಾರೆ. ಹೂವಿನ ಹಾಗೆ ಏಳಬೇಕು. ಏಳದಿದ್ದರೆ ಮತ್ತೆ “ಸಾಹೇಬ್ರ ಒಂದೀಟ ಹಿಂದ.”

ನನ್ನ ಪಾಠದಲ್ಲಿ ಗಾಡಿಯ ಭಾರ, ಸಜ್ಜು ಅಂತ ಇಡೀ ಒಂದು ಅಧ್ಯಾಯ ಇತ್ತು, ಚಿತ್ರ ಸಹಿತ. ಅದನ್ನು ಫೋನಿನಲ್ಲಿ ತೋರಿಸಿದಾಗ ಚಾಚಾ ಕನ್ನಡಕ ಸರಿಮಾಡಿಕೊಂಡು ನೋಡಿ, “ಈ ಗಾಡಿಯಂವ ತಪ್ಪು ಕಟ್ಯಾನ” ಅಂದರು. ನಿಜ, ಅದು ತಪ್ಪು ಕಟ್ಟಿದ ಗಾಡಿಯ ಉದಾಹರಣೆಯ ಚಿತ್ರವೇ.

ಎಲ್ಲದರಲ್ಲೂ ಅವರೇ ಸರಿ ಅಂತಲ್ಲ. ಏಪ್ರಿಲ್ ಬಿಸಿಲಿನಲ್ಲಿ ಬೆವರಿ ಬಂದ ಕುದುರೆಯ ಮೇಲೆ ತಣ್ಣೀರು ಸುರಿದರೆ ಮೈ ಹಿಡೀತದ ಅನ್ನೋದು ಅವರ ನಂಬಿಕೆ. ಅಟ್ಲಾಂಟಾದ ಸೆಕೆಯಲ್ಲಿ 1996ರ ಒಲಿಂಪಿಕ್ಸ್ ನಡೆಸುವ ಮುಂಚೆ ವಿಜ್ಞಾನಿಗಳು ಇದನ್ನೇ ಪರೀಕ್ಷಿಸಿ ನೋಡಿದ್ದರು. ಕಾದ ಕುದುರೆಯ ಮೈತುಂಬ ತಣ್ಣೀರು ಸುರಿಯುತ್ತಲೇ ಇದ್ದರೆ ಅಪಾಯ ಇಲ್ಲ, ಅದೇ ಒಳ್ಳೆಯದು ಅಂತ ಗೊತ್ತಾಯಿತು. ಇದನ್ನು ಚಾಚಾಗೆ ಒಪ್ಪಿಸಲಿಕ್ಕೆ ನನಗೆ ಒಂದು ಬೇಸಿಗೆ ಪೂರ್ತಿ ಬೇಕಾಯ್ತು. ಈಗ ಕಾಲಿನಿಂದ ಶುರು ಮಾಡಿ ಎದೆತನಕ ಹಾಕ್ತಾರೆ. ಬೆನ್ನಿಗೆ ಇನ್ನೂ ಇಲ್ಲ.

ಈಗ ಬರೆಯಲೇಬೇಕಾದ ಸಂಗತಿ.

ಕಲಿಕೆ ಶುರುವಾಗಿ ಆರನೇ ತಿಂಗಳು. ಶನಿವಾರ ಸಂಜೆ ಕ್ಲಿನಿಕ್ ಮುಗಿಸಿ ಬರುವಾಗ ಚಾಚಾ ಕೂಗಿದರು. ಮೋತಿ ಎರಡು ದಿನದಿಂದ ಬಲ ಮುಂಗಾಲು ಬಿಗಿಯಾಗಿ ಹಾಕುತ್ತಿದೆ, ಮಧ್ಯಾಹ್ನ ಒಮ್ಮೆ ಎಡವಿತು. ನಾನು ಬಲ ಭುಜದ ಮೇಲೆ ಕೈ ಇಟ್ಟೆ. ಕುತ್ತಿಗೆಯ ಬುಡದಿಂದ ಭುಜದ ತನಕ ಕಲ್ಲು. ಸಿಕ್ಕಿತು ಅಂದುಕೊಂಡೆ. ಸರ್‌ಗೆ ಫೋನ್ ಮಾಡಿದೆ, ಎತ್ತಲಿಲ್ಲ, ಯಾವುದೋ ಹಳ್ಳಿಯಲ್ಲಿ ಎಮ್ಮೆಯ ಹೆರಿಗೆಯಲ್ಲಿದ್ದರಂತೆ. ಭುಜದ ಬಿಗಿತ ತಾನೇ, ಕಲಿತಿದ್ದೀನಲ್ಲ.

ಇಪ್ಪತ್ತು ನಿಮಿಷ ಒತ್ತಿದೆ. ಮೊದಲು ಅಂಗೈ, ಆಮೇಲೆ ಹೆಬ್ಬೆರಳು, ಆಮೇಲೆ ಮೊಣಕೈ. ನಿಧಾನಕ್ಕೆ ಮೋತಿಯ ತಲೆ ಇಳಿಯಿತು, ತುಟಿ ಸಡಿಲವಾಯಿತು, ಎರಡು ಸಲ ಆಕಳಿಸಿತು. ಪುಸ್ತಕದಲ್ಲಿ ಬರೆದ ಹಾಗೇ. ಸುತ್ತ ನಿಂತ ನಾಲ್ಕು ಟಾಂಗಾದವರು ನೋಡುತ್ತಿದ್ದರು. ಸುಳ್ಳು ಯಾಕೆ ಹೇಳಲಿ, ನನಗೆ ಬಹಳ ಖುಷಿಯಾಗಿತ್ತು. ನಡೆಸಿ ನೋಡಿದರೆ ಹೆಜ್ಜೆಯೂ ಸ್ವಲ್ಪ ಸಡಿಲ. ಚಾಚಾ “ವ್ಹಾ ಬೇಟಾ” ಅಂದರು. ಇಬ್ಬರು ಗಿರಾಕಿಗಳು ಬಂದರು, ಇಬ್ರಾಹಿಂ ರೋಜಾಕ್ಕೆ ಹೋಗಿ ಬಂದರು.

ಭಾನುವಾರ ಬೆಳಿಗ್ಗೆ ಮೋತಿ ಮೂರು ಕಾಲಿನ ಮೇಲೆ ನಿಂತಿತ್ತು.

ಸರ್ ಬಂದರು. ನನ್ನ ಕಡೆ ನೋಡದೆ, ಗೊರಸಿನ ಮೇಲಿನ ಗಂಟಿನ ಹಿಂಭಾಗಕ್ಕೆ ಎರಡು ಬೆರಳು ಇಟ್ಟು ಕಣ್ಣು ಮುಚ್ಚಿದರು. ನನ್ನ ಬೆರಳನ್ನೂ ಅಲ್ಲಿ ಇಡಿಸಿದರು. ಆರಾಮಿರುವ ಕುದುರೆಯಲ್ಲಿ ಹುಡುಕಿದರೂ ಸಿಗದಷ್ಟು ಸಣ್ಣಗೆ ಬಡಿಯೋ ನಾಡಿ, ಅಲ್ಲಿ ಢಕಢಕ ಅಂತಿತ್ತು. ಗೊರಸು ಬಿಸಿ. ಕಾಲು ಎತ್ತಿ, ಇಕ್ಕಳದಿಂದ ಗೊರಸಿನ ಅಂಚನ್ನು ಒಂದೊಂದೇ ಕಡೆ ಅದುಮುತ್ತ ಬಂದರು. ಒಂದು ಮೊಳೆಯ ಹತ್ತಿರ ಮೋತಿ ಕಾಲು ಕಿತ್ತುಕೊಂಡಿತು. ಲಾಳದ ಮೊಳೆ ಕೂದಲೆಳೆಯಷ್ಟು ಒಳಗೆ ಹೋಗಿತ್ತು. ಒಳಗೆ ಕೀವು. ಕಾಲು ನೋಯುತ್ತಿದೆ ಅಂತ ಮೋತಿ ಎರಡು ದಿನದಿಂದ ಭುಜ ಬಿಗಿ ಹಿಡಿದು ನಡೆದಿತ್ತು. ಆ ಬಿಗಿತವೇ ಅದರ ಊರುಗೋಲು. ನಾನು ಊರುಗೋಲು ಕಿತ್ತು ಬಿಸಾಕಿ, ಇಬ್ರಾಹಿಂ ರೋಜಾಕ್ಕೆ ಕಳಿಸಿದ್ದೆ.

“ಕಾಲು ಎತ್ತಿ ನೋಡಿದ್ಯೇನು?” ಸರ್ ಕೇಳಿದ್ದು ಇಷ್ಟೇ.

ನೋಡಿರಲಿಲ್ಲ. ಫೋನ್ ಎತ್ತದಿದ್ದರೆ ಕಾಯಬೇಕಿತ್ತು, ಕಾದಿರಲಿಲ್ಲ.

ಮೊಳೆ ತೆಗೆದು, ಗೊರಸು ಕೆತ್ತಿ ಕೀವು ಬಿಟ್ಟರು. ಧನುರ್ವಾಯುವಿನ ಚುಚ್ಚುಮದ್ದು ಕೊಟ್ಟರು, ಕುದುರೆಗೆ ಆ ರೋಗ ಬಹಳ ಬೇಗ ತಗಲುತ್ತದೆ. ಬಿಸಿನೀರು ಉಪ್ಪಿನಲ್ಲಿ ಕಾಲು ಅದ್ದೋದು, ಬ್ಯಾಂಡೇಜು ಕಟ್ಟೋದು ನನ್ನ ಪಾಲಿಗೆ ಬಂತು. ಎಂಟು ದಿನ ಟಾಂಗಾ ನಿಂತಿತ್ತು. ಏಳನೇ ದಿನ ಒಂದು ಕವರಿನಲ್ಲಿ ಹಣ ಹಾಕಿಕೊಂಡು ಹೋದೆ. ಸಿನಿಮಾದಲ್ಲಾದರೆ ಚಾಚಾ ಬೇಡ ಅಂತಿದ್ದರು. ಚಾಚಾ ತಗೊಂಡರು. ಎಣಿಸಿದರು ಕೂಡ. ಅರ್ಧ ವಾಪಸ್ ಕೊಟ್ಟು, “ಮೊಳಿ ನೀ ಬಡದಿಲ್ಲಲಾ” ಅಂದರು. ಆ ಅರ್ಧ ಅವರು ತಗೊಂಡದ್ದರಿಂದಲೇ ನನಗೆ ಮಾರನೇ ವಾರ ಮತ್ತೆ ಸ್ಟ್ಯಾಂಡಿಗೆ ಹೋಗಲಿಕ್ಕೆ ಮುಖ ಇತ್ತು.

ಕೋರ್ಸಿಗೆ ಹತ್ತು ಕೇಸ್ ಬರೆದು ಕೊಡಬೇಕು. ಮೊದಲನೇದಾಗಿ ಮೋತಿಯದೇ ಬರೆದೆ.

ಸರ್ ಶಿಕ್ಷೆಯೋ ಶಿಕ್ಷಣವೋ, ಮೂರು ಭಾನುವಾರ ನನ್ನನ್ನು ಬಬಲೇಶ್ವರದ ಹತ್ತಿರ ಲಾಳ ಕಟ್ಟುವ ಅಜ್ಜನೊಬ್ಬರ ಹತ್ತಿರ ಕಳಿಸಿದರು. ಅಜ್ಜನಿಗೆ ಎತ್ತುಗಳೇ ಹೆಚ್ಚು, ಕುದುರೆ ಅಪರೂಪಕ್ಕೆ. ಎತ್ತಿನ ಗೊರಸು ಸೀಳು, ಹಾಗಾಗಿ ಒಂದು ಕಾಲಿಗೆ ಎರಡು ಲಾಳ. ಕುದುರೆಗೆ ಒಂದೇ. ಎತ್ತನ್ನು ಹಗ್ಗ ಹಾಕಿ ಕೆಡವಿ ಕಾಲು ಕಟ್ಟಿ ಬಡೀತಾರೆ, ಕುದುರೆಗೆ ನಿಂತಲ್ಲೇ. “ಕುದರಿ ನಂಬಿ ಕಾಲ ಕೊಡ್ತೈತಿ ತಂಗಿ” ಅಂದರು ಅಜ್ಜ. ಗೊರಸಿನ ತಳದಲ್ಲಿ ಹೊರ ಅಂಚಿನ ಒಳಗೆ ಒಂದು ತಿಳಿಬಣ್ಣದ ಗೆರೆ ಇರುತ್ತದೆ. ಮೊಳೆ ಆ ಗೆರೆಯಿಂದ ಹೊರಗೇ ಹೋಗಬೇಕು, ಗೊರಸಿನ ಗೋಡೆಯಿಂದ ಈಚೆ ಬರಬೇಕು. ಗೆರೆ ದಾಟಿ ಒಳಗೆ ಹೋದರೆ ಜೀವ. ಅಜ್ಜನಿಗೆ ಈಗ ಕಣ್ಣು ಅಷ್ಟಾಗಿ ಕಾಣೋದಿಲ್ಲ. ಸದ್ದಿನಿಂದ ಹೇಳ್ತಾರೆ. ಗಟ್ಟಿ ಗೊರಸಿನಲ್ಲಿ ಹೋಗುವ ಮೊಳೆ ಟಣ್ ಅಂತದೆ, ತಪ್ಪಿದರೆ ಸದ್ದು ಮಂದ ಆಗ್ತದೆ. ಅವರು ಬಡಿಯುವಾಗ ನಾನು ಕಣ್ಣು ಮುಚ್ಚಿಕೊಂಡು ಕೇಳ್ತಾ ಕೂಡ್ತಿದ್ದೆ. ಮೂರನೇ ಭಾನುವಾರದ ಹೊತ್ತಿಗೆ ನನಗೂ ಒಂದು ಸಲ ಗೊತ್ತಾಯಿತು. ಅಜ್ಜ ಆಗಲೇ ಮೊಳೆ ಹೊರಗೆಳೆದಿದ್ದರು.

ಆಮೇಲೆ ನನ್ನ ಕೆಲಸದ ಕ್ರಮವೇ ಬದಲಾಯಿತು. ಕುದುರೆ ಬಂದರೆ ಮೊದಲು ದೂರ ನಿಂತು ಮುಖ ನೋಡ್ತೀನಿ. ಬೇಟೆಗೆ ಸಿಗುವ ಪ್ರಾಣಿ ಅದು, ನೋವು ಮುಚ್ಚಿಡೋದು ಅದರ ಹುಟ್ಟುಗುಣ. ಆದರೂ ಮುಖ ಪೂರ್ತಿ ಸುಳ್ಳು ಹೇಳೋದಿಲ್ಲ. ಹಿಂದಕ್ಕೆ ಸೆಟೆದ ಕಿವಿ, ಕಣ್ಣಿನ ಮೇಲಿನ ಬಿಗಿ, ದವಡೆಯ ಉಬ್ಬು, ಗಟ್ಟಿ ಹಿಡಿದ ಗದ್ದ, ಸೆಳೆದ ಮೂಗಿನ ಹೊಳ್ಳೆ. ಇವನ್ನೆಲ್ಲ ಅಂಕ ಹಾಕಿ ಅಳೆಯುವ ಒಂದು ಪಟ್ಟಿಯನ್ನು ಸಂಶೋಧಕರು 2014ರಲ್ಲಿ ಪ್ರಕಟಿಸಿದರು. ಆಮೇಲೆ ಎದೆಬಡಿತ, ವಿಶ್ರಾಂತಿಯಲ್ಲಿ ನಿಮಿಷಕ್ಕೆ 28ರಿಂದ 44 ಇರಬೇಕು. ಆಮೇಲೆ ಗಟ್ಟಿ ನೆಲದ ಮೇಲೆ ಓಡಿಸಿ ತಲೆ ನೋಡೋದು. ನೋವಿನ ಮುಂಗಾಲು ನೆಲಕ್ಕೆ ತಾಗಿದಾಗ ತಲೆ ಮೇಲೇಳುತ್ತದೆ, ಒಳ್ಳೇ ಕಾಲು ತಾಗಿದಾಗ ಇಳಿಯುತ್ತದೆ. ಆಮೇಲೆ ನಾಲ್ಕೂ ಕಾಲು ಎತ್ತಿ ನೋಡೋದು. ಆಮೇಲೆ ಪಟ್ಟಿ, ಗಾದಿ, ಲಗಾಮು ಎಲ್ಲಿ ಉಜ್ಜುತ್ತದೆ ಅಂತ. ಇಷ್ಟಾದ ಮೇಲೆ ಸರ್‌ಗೆ ಫೋನು. ಕೈ ಇಡೋದು ಕೊನೆಗೆ. ಎಷ್ಟೋ ಭಾನುವಾರ ಕೈ ಇಡುವ ಪ್ರಸಂಗವೇ ಬರೋದಿಲ್ಲ.

ತಿಕೋಟಾದ ಕಾಕಾಗೆ ಸಿಟ್ಟು ಬಂದದ್ದು ಇದಕ್ಕೇ.

ಅಥಣಿ ರಸ್ತೆಯಲ್ಲಿ ತಿಕೋಟಾ ದಾಟಿದರೆ ಎರಡೂ ಕಡೆ ದ್ರಾಕ್ಷಿ ತೋಟಗಳು, ಮಣೂಕ ಒಣಗಿಸುವ ಶೆಡ್ಡುಗಳು. ಅಂಥ ಒಂದು ತೋಟದ ಕಾಕಾ ಶರ್ಯತ್ತಿಗೆ ಅಂತಲೇ ಒಂದು ಕೆಂಪು ಹೆಣ್ಣು ಕುದುರೆ ಸಾಕಿದ್ದರು. ಜಾತ್ರೆಗಳಲ್ಲಿ ನಡೀತಾವಲ್ಲ, ಹಗುರ ಗಾಡಿ ಕಟ್ಟಿ ಓಡಿಸೋ ಶರ್ಯತ್ತು. ಕುದುರೆಯ ಚಾಕರಿ ಮಗನದು, ಡಿಗ್ರಿ ಓದುವ ಹುಡುಗ, ಅದರ ಹೆಸರಿನಲ್ಲಿ ಇನ್‌ಸ್ಟಾಗ್ರಾಂ ಖಾತೆ ನಡೆಸ್ತಾನೆ. ಅವನೇ ನನ್ನನ್ನು ಹುಡುಕಿ ಕರೆದದ್ದು. ಸೋಮವಾರ ಶರ್ಯತ್ತು, ನಾನು ಹೋದದ್ದು ಗುರುವಾರ.

“ಎಡಗಾಲ ಒಂಚೂರ ಬಿಗಿ ಐತ್ರಿ ಅಕ್ಕಾರ. ಸಡಲ ಮಾಡಿ ಕೊಡ್ರಿ, ಸಾಕು.”

ಭುಜಕ್ಕೆ ಕೈ ಹಾಕಲಿಲ್ಲ. ಕೆಳಗಿನಿಂದ ಬಂದೆ. ಗೊರಸು ತಣ್ಣಗಿತ್ತು, ನಾಡಿ ಸಣ್ಣಗಿತ್ತು. ಮುಂಗಾಲಿನ ಹಿಂಭಾಗ, ಮೊಣಕಾಲಿಗೂ ಗಂಟಿಗೂ ನಡುವೆ, ಬೆರಳು ಜಾರಿಸಿದೆ. ಒಂದು ಕಡೆ ಬೆಚ್ಚಗೆ. ಬಲಗಾಲಿನ ಜೊತೆ ಹೋಲಿಸಿದರೆ ನರ ಸ್ವಲ್ಪ ದಪ್ಪ, ಅದುಮಿದಾಗ ಕುದುರೆ ಕಣ್ಣು ಕಿರಿದು ಮಾಡಿತು. ಅಷ್ಟೇ. ಓಡಿಸಿದರೆ ಕುಂಟು ಹುಡುಕಿದರೂ ಕಾಣದಷ್ಟು. ಈ ನರ ಓಟದಲ್ಲಿ ಸ್ಪ್ರಿಂಗಿನ ಕೆಲಸ ಮಾಡುತ್ತದೆ, ಪ್ರತಿ ನೆಗೆತಕ್ಕೂ ತನ್ನ ಶಕ್ತಿಯ ಅಂಚಿನ ತನಕ ಜಗ್ಗುತ್ತದೆ. ವೇಗದ ಓಟದಲ್ಲಿ ಅದರ ಒಳಗಿನ ಬಿಸಿ 45 ಡಿಗ್ರಿತನಕ ಏರುತ್ತದೆ ಅಂತ ಅಳೆದು ನೋಡಿದ್ದಾರೆ. ಒಂದಿಷ್ಟು ಎಳೆ ಹರಿದಿದ್ದರೂ ಕುದುರೆ ಓಡುತ್ತದೆ. ಆಮೇಲೆ ಒಂದು ದಿನ ಉಳಿದವೂ ಹರೀತಾವೆ.

“ಕಾಕಾ, ಇದನ್ನ ಸ್ಕ್ಯಾನ್ ಮಾಡಸಬೇಕು. ಸೋಮವಾರ ಓಡಸಬ್ಯಾಡ್ರಿ.”

“ಕುಂಟೇ ಇಲ್ಲಲವಾ!”

“ಇಲ್ರಿ. ಅದಕ್ಕ ಹೇಳಾಕತ್ತೀನಿ, ಈಗಾದ್ರ ಸಣ್ಣದ್ರಾಗ ಹೋಗ್ತದ.”

“ನೀ ಮಾಲಿಶ್ ಮಾಡಾಕ ಬಂದೀಯೋ, ತೀರ್ಪ ಹೇಳಾಕ ಬಂದೀಯೋ?”

ಕಾಕಾನ ಸಿಟ್ಟು ನನಗೆ ಅರ್ಥವಾಗುತ್ತದೆ. ಹೆಸರು ಕೊಟ್ಟಾಗಿದೆ, ಗೆಳೆಯರಿಗೆ ಹೇಳಿಯಾಗಿದೆ. ಊರಿನ ಹತ್ತು ಹುಡುಗರು ಗಾಡಿಯ ಹಿಂದೆ ಬೈಕ್ ಹತ್ತಿ ಹೊರಡಲು ತಯಾರು. ಯಾರೋ ಸಿಟಿಯಿಂದ ಬಂದ ಹುಡುಗಿ ಬೆರಳು ಮುಟ್ಟಿಸಿ ಬೇಡ ಅಂದರೆ? ನನಗೆ ಸುಲಭದ ದಾರಿಯೂ ಇತ್ತು. ಭುಜ, ಬೆನ್ನು ಒತ್ತಿ, ಒಂದಿಷ್ಟು ಸಡಿಲ ಮಾಡಿ, ಪೆಟ್ರೋಲಿಗೆ ಹಣ ಇಸಕೊಂಡು ಬರೋದು. ಕುದುರೆಗೆ ಹಿತ ಅನ್ನಿಸುತ್ತಿತ್ತು, ಹೆಜ್ಜೆ ಉದ್ದ ಆಗುತ್ತಿತ್ತು. ಅದೇ ಸಮಸ್ಯೆ. ಮೋತಿಗೆ ಮಾಡಿದ್ದೂ ಅದನ್ನೇ. ಸರ್‌ಗೆ ಫೋನ್ ಹಚ್ಚಿ ಕಾಕಾಗೆ ಕೊಟ್ಟೆ. ಸರ್ ಕೂಡ ಸ್ಕ್ಯಾನ್ ಆಗೋತನಕ ಬೇಡ ಅಂದರು. ಕಾಕಾ ಫೋನ್ ವಾಪಸ್ ಕೊಟ್ಟು ತೋಟದೊಳಗೆ ಹೋದರು. ಚಹಾ ಬಂತು, ಕಾಕಾ ಬರಲಿಲ್ಲ.

ಸೋಮವಾರ ಸಂಜೆ ಹುಡುಗ ವಿಡಿಯೋ ಕಳಿಸಿದ. ಕೆಂಪು ಕುದುರೆ ಧೂಳೆಬ್ಬಿಸಿಕೊಂಡು ಓಡುತ್ತಿದೆ, ಮೂರನೇ ಸ್ಥಾನ. ಕೆಳಗೆ ನಗುವ ಮುಖದ ಎರಡು ಚಿತ್ರ. ಬೇರೆ ಮಾತಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕುದುರೆಯ ಚಿಂತೆಗಿಂತ, ನಾನು ಹೇಳಿದ್ದು ತಪ್ಪೇ ಇದ್ದಿರಬಹುದು ಅನ್ನೋ ಚಿಂತೆ. ಇನ್ನೂ ಕೆಟ್ಟದ್ದೇನೆಂದರೆ, ಸರಿ ಆಗಿದ್ದರೆ ಚೆನ್ನಾಗಿತ್ತು ಅಂತ ಒಳಗೊಳಗೆ ಅನ್ನಿಸಿತು. ಅಂದರೆ ಏನು ಬಯಸಿದ ಹಾಗಾಯ್ತು? ಲೈಟ್ ಹಾಕಿ ಎದ್ದು ಕೂತೆ.

ಮೂರು ವಾರದ ಮೇಲೆ ಕಾಕಾನದೇ ಫೋನು. ಅಭ್ಯಾಸದಲ್ಲಿ ಕಾಲು ಊದಿದೆ. ಸರ್ ಜೊತೆ ಹೋದೆ, ಸ್ಕ್ಯಾನ್ ಆಯಿತು. ನರದ ನಡುವೆ ಕಪ್ಪು ಕುಳಿ. ಪೂರ್ತಿ ಹರಿದಿಲ್ಲ. ಸರ್ ಕಾಕಾನ ಮುಖ ನೋಡಿ, ಒಂಬತ್ತು ತಿಂಗಳಿಂದ ವರ್ಷ ಅಂದರು. ಆಮೇಲೂ ಶರ್ಯತ್ತಿನ ಮಾತು ಈಗಲೇ ಬೇಡ. ಕಾಕಾ ನನ್ನ ಕಡೆ ತಿರುಗಿ, “ಅವತ್ತ ಚಹಾ ಕುಡದ ಹೋದೇನವಾ?” ಅಂದರು. ಕುಡಿದಿದ್ದೆ ಅಂದೆ.

ಇಂಥ ಹೊತ್ತಿನಲ್ಲಿ ಬಹಳ ಕುದುರೆಗಳು ಮಾರಾಟವಾಗಿ ಹೋಗ್ತಾವೆ. ಯಾರಿಗೆ, ಯಾವ ಕೆಲಸಕ್ಕೆ ಅಂತ ಯಾರೂ ಕೇಳೋದಿಲ್ಲ. ಕೂತು ತಿನ್ನುವ ಕುದುರೆಗೂ ಕಡಲೆ, ಕುದುರೆಮಸಾಲೆ ಸೊಪ್ಪು, ಕಣಿಕಿ ಬೇಕು. ಕಾಕಾನ ಅಣ್ಣತಮ್ಮಂದಿರು ಅದನ್ನೇ ಹೇಳಿದರು. ಕಾಕಾ ಎರಡು ದಿನ ಟೈಮ್ ತಗೊಂಡರು. ಮೂರನೇ ದಿನ ಹುಡುಗನ ಮೆಸೇಜು ಬಂತು: “ಅಕ್ಕಾರ, ಯಾವಾಗಿಂದ ಶುರು ಮಾಡೂದು?”

ದುಡ್ಡಿನ ಮಾತೂ ಹೇಳಿಬಿಡ್ತೀನಿ, ಈ ಅಂಕಣ ಓದಿ ಯಾರಾದರೂ ಇರೋ ಕೆಲಸಕ್ಕೆ ರಾಜೀನಾಮೆ ಕೊಟ್ಟಾರು. ವಿಜಯಪುರದಲ್ಲಿ ಇದರಿಂದ ಹೊಟ್ಟೆ ತುಂಬೋದಿಲ್ಲ. ಬೆಂಗಳೂರು, ಮೈಸೂರು, ಪುಣೆಯಂಥ ರೇಸ್‌ಕೋರ್ಸ್ ಇರುವ ಊರುಗಳಲ್ಲಿ, ಸವಾರಿ ಶಾಲೆಗಳಲ್ಲಿ, ಕುಣಿಗಲ್‌ನಂಥ ಅಶ್ವಪಾಲನೆಯ ಜಾಗಗಳಲ್ಲಿ ಕೆಲಸ ಹುಡುಕಬಹುದು. ನನ್ನ ಮನೆ ಬಾಡಿಗೆ ಕಟ್ಟೋದು ಇವತ್ತಿಗೂ ಬ್ಯಾಂಕ್ ನೌಕರರ ಬೆನ್ನು. ಕೋರ್ಸಿನ ಹತ್ತು ಕೇಸಿನಲ್ಲಿ ಏಳು ಮುಗಿದಿವೆ. ಕೆಂಪು ಕುದುರೆ ಎಂಟನೇದು.

ಶುರು ಮಾಡಿದ್ದು ಐದು ನಿಮಿಷದಿಂದ. ಕೈಯಲ್ಲಿ ಹಗ್ಗ ಹಿಡಿದು, ಬರೀ ನಡಿಗೆ. ತೋಟದ ಮೆತ್ತನೆ ಮಣ್ಣಿನಲ್ಲಿ ನಡೆಸಿದರೆ ಒಳ್ಳೇದಲ್ವಾ ಅಂತ ಕಾಕಾ ಕೇಳಿದ್ದರು. ಅಲ್ಲ, ಮೆತ್ತನೆ ಮಣ್ಣಿನಲ್ಲಿ ಕಾಲು ಹೂತು ನರ ಇನ್ನೂ ಜಗ್ಗುತ್ತದೆ. ಟ್ರ್ಯಾಕ್ಟರ್ ಓಡಾಡಿ ಗಟ್ಟಿಯಾದ ಸಪಾಟು ದಾರಿ ಇದೆಯಲ್ಲ, ಶೆಡ್ಡಿನಿಂದ ಬಾವಿತನಕ, ಅದು ಬೇಕು. ಸರ್ ಹೂಂ ಅಂದ ಮೇಲೆ ಭುಜಕ್ಕೆ, ಬೆನ್ನಿಗೆ ಮಾಲಿಶ್ ಕೂಡ ಇದೆ, ಹುಡುಗನಿಗೇ ಕಲಿಸಿದ್ದೀನಿ. ಚಾಚಾ ಕೈ ಹಿಂದೆ ಕೈ ಓಡಿಸುವ ರೀತಿಯಲ್ಲೇ. ಊತ, ಬಿಸಿ ದಿನಾ ನೋಡಿ ವಾಟ್ಸ್ಆ್ಯಪಿಗೆ ಹಾಕಬೇಕು. ಒಂದು ದಿನ ಬಿಟ್ಟರೆ ನನ್ನ ಬೈಗುಳ, ಎರಡು ದಿನ ಬಿಟ್ಟರೆ ಸರ್‌ದು.

ಹೋದ ಭಾನುವಾರ ಹೋಗಿದ್ದೆ. ಏಪ್ರಿಲ್ ಚಾಟ್ನಿ ಮುಗಿದು ದ್ರಾಕ್ಷಿ ಬಳ್ಳಿಯೆಲ್ಲ ಬೋಳು. ಬಿಸಿಲೇರುವ ಮುಂಚೆ ಮುಗಿಸಬೇಕು ಅಂತ ಏಳಕ್ಕೇ ಶುರು ಮಾಡಿದ್ದರು. ಹುಡುಗ ಫೋನಿನಲ್ಲಿ ಟೈಮರ್ ಹಾಕಿ ಮುಂದೆ, ಕುದುರೆ ಹಿಂದೆ. ಹದಿನೈದು ನಿಮಿಷ. ಕಾಕಾ ಬಾವಿಯ ಕಟ್ಟೆಯ ಮೇಲೆ ಕೂತಿದ್ದರು. ಕುದುರೆ ಒಮ್ಮೆ ಕುಣಿದು ಓಡಲು ನೋಡಿತು, ಹುಡುಗ ಹಗ್ಗ ಗಿಡ್ಡ ಮಾಡಿದ.

“ಓಡ್ತೀನಿ ಅಂತೈತಿ ನೋಡವಾ” ಅಂದರು ಕಾಕಾ.

“ಅಂತದ್ರಿ ಕಾಕಾ.”

ಟೈಮರ್ ಬಡಿಯಿತು. ಹುಡುಗ ಕುದುರೆಯನ್ನು ನೆರಳಿಗೆ ತಂದು ನಿಲ್ಲಿಸಿ, ಯಾರೂ ಹೇಳದೆ, ಬಾಗಿ ಎಡಗಾಲು ಎತ್ತಿದ.